ಹಳೆ ಕಂಪ್ಯೂಟರ್ ಗೇಮ್‌ನಲ್ಲಿ ಕೀಬೋರ್ಡ್ ಕೆಲಸ ಮಾಡ್ತಿಲ್ವಾ? ಲ್ಯಾಮಿಂಗ್ಟನ್ ರಸ್ತೆಗೆ ಹೋಗುವ ಮುನ್ನ ಇದನ್ನು ಓದಿ

ಮುಂಬೈ: ಗೇಮ್ ತೆರೆದುಕೊಳ್ಳುತ್ತದೆ, ಸಂಗೀತ ಕೇಳಿಸುತ್ತದೆ, ಮೆನು ಕೂಡ ಬರುತ್ತದೆ. ಆದರೆ ಕೀ ಒತ್ತಿದರೆ ಪರದೆ ಮೇಲಿನ ಮನುಷ್ಯ ಅಲ್ಲಾಡುವುದೇ ಇಲ್ಲ. ಪ್ರಿನ್ಸ್ ಆಫ್ ಪರ್ಷಿಯಾ, ಜಿಟಿಎ ವೈಸ್ ಸಿಟಿ, ಕ್ರಿಕೆಟ್ 07ರಂತಹ ಹಳೆಯ ಆಟಗಳನ್ನು ಇಂದಿನ ವಿಂಡೋಸ್ 10 ಅಥವಾ 11ರಲ್ಲಿ ಹಾಕಿದವರಿಗೆ ಈ ಸಮಸ್ಯೆ ಹೊಸದಲ್ಲ. ಆಗ ಮೊದಲು ಬರುವ ಯೋಚನೆ 'ಕೀಬೋರ್ಡ್ ಕೆಟ್ಟಿದೆ' ಎಂಬುದು. ಮುಲುಂಡ್‌ನಲ್ಲಿದ್ದವರು ದಾದರ್‌ನಲ್ಲಿ ಟ್ರೇನ್ ಬದಲಿಸಿ ಗ್ರಾಂಟ್ ರೋಡ್‌ನಲ್ಲಿ ಇಳಿದು, ಲ್ಯಾಮಿಂಗ್ಟನ್ ರಸ್ತೆಯ ಯಾವುದೋ ಅಂಗಡಿಯಿಂದ ಹೊಸದೊಂದನ್ನು ತರುತ್ತಾರೆ. ಮನೆಗೆ ಬಂದು ಹಾಕಿ ನೋಡಿದರೆ ಅದೇ ಕಥೆ!

ಇಂತಹ ಬಹುತೇಕ ಪ್ರಸಂಗಗಳಲ್ಲಿ ಕೀಬೋರ್ಡ್ ಚೆನ್ನಾಗಿಯೇ ಇರುತ್ತದೆ. ನೀವು ಒತ್ತಿದ ಕೀ ಆಟವನ್ನು ತಲುಪುವ ಮೊದಲು ವಿಂಡೋಸ್, ಅದರ ಭಾಷಾ ವ್ಯವಸ್ಥೆ, ಕನ್ನಡ ಟೈಪಿಂಗ್ ತಂತ್ರಾಂಶ, ಕೆಲವೊಮ್ಮೆ ಒಂದು ಮರೆತುಹೋದ ಜಾಯ್‌ಸ್ಟಿಕ್, ಇವೆಲ್ಲವನ್ನೂ ದಾಟಬೇಕು. ಇವುಗಳಲ್ಲಿ ಯಾವುದೋ ಒಂದು ದಾರಿಯಲ್ಲೇ ಕೀಯನ್ನು ನುಂಗಿರುತ್ತದೆ. ಅದನ್ನು ಪತ್ತೆ ಮಾಡಲು ಕಾಸು ಬೇಕಿಲ್ಲ, ಅರ್ಧ ಗಂಟೆ ಸಮಯ ಸಾಕು.

ಮೊದಲು ಕೀಬೋರ್ಡ್ ಪರೀಕ್ಷೆ

ಗೇಮ್ ಮುಚ್ಚಿ ನೋಟ್‌ಪ್ಯಾಡ್ ತೆರೆಯಿರಿ. ಆಟದಲ್ಲಿ ಬೇಕಾದ ಕೀಗಳನ್ನು ಒಂದೊಂದಾಗಿ ಒತ್ತಿ. ಅಕ್ಷರ ಮೂಡಿದರೆ ಆ ಕೀ ಸರಿಯಿದೆ. ಬಾಣದ ಕೀ, ಶಿಫ್ಟ್, ಕಂಟ್ರೋಲ್‌ಗಳು ಅಕ್ಷರ ಮೂಡಿಸುವುದಿಲ್ಲವಲ್ಲ, ಅವುಗಳಿಗೆ ಬೇರೆ ಉಪಾಯವಿದೆ. ವಿಂಡೋಸ್ ಕೀ ಜತೆ ಆರ್ ಒತ್ತಿ, ಬರುವ ಪೆಟ್ಟಿಗೆಯಲ್ಲಿ ಓ, ಎಸ್, ಕೆ ಎಂಬ ಮೂರು ಇಂಗ್ಲಿಷ್ ಅಕ್ಷರ ಬರೆದು ಎಂಟರ್ ಕೊಡಿ. ಪರದೆ ಮೇಲೊಂದು ಕೀಬೋರ್ಡ್ ಬರುತ್ತದೆ. ನೀವು ಕೈಯಲ್ಲಿ ಒತ್ತಿದ ಕೀ ಅದರಲ್ಲಿ ಬಣ್ಣ ಬದಲಿಸಿದರೆ ವಿಂಡೋಸ್‌ವರೆಗೆ ದಾರಿ ಸರಿಯಿದೆ ಎಂದರ್ಥ. ಹಾಗಾದರೆ ಹೊಸ ಕೀಬೋರ್ಡ್ ಯೋಚನೆ ಬಿಡಿ, ಮುಂದಕ್ಕೆ ಓದಿ.

ನೋಟ್‌ಪ್ಯಾಡ್‌ನಲ್ಲಿ ಮೂಡಿದ ಅಕ್ಷರ ಯಾವ ಲಿಪಿಯದು ಎಂಬುದನ್ನೂ ಗಮನಿಸಿ. ಡಬ್ಲ್ಯು ಒತ್ತಿದಾಗ 'ೈ' ಎಂಬ ಒತ್ತಕ್ಷರದಂತಹ ಚಿಹ್ನೆ ಬಂದರೆ ಕಂಪ್ಯೂಟರ್ ಕನ್ನಡದ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿದೆ.

ಬಾಣ ಓಡುತ್ತದೆ, ಅಕ್ಷರ ಓಡುವುದಿಲ್ಲ

ಇಂಗ್ಲಿಷ್‌ನಲ್ಲಿ ಬರುವ ಸಲಹೆಗಳಲ್ಲಿ ಈ ಕಾರಣ ಕಾಣಿಸುವುದು ಅಪರೂಪ. ನಮ್ಮ ಮನೆಗಳಲ್ಲಿ ಮಾತ್ರ ಇದೇ ದೊಡ್ಡ ಕಾರಣ. ಮುಂಬೈ ಕನ್ನಡಿಗರ ಮನೆಯ ಒಂದೇ ಕಂಪ್ಯೂಟರ್‌ನಲ್ಲಿ ಇಂಗ್ಲಿಷ್, ಕನ್ನಡ, ಮಕ್ಕಳ ಶಾಲೆಗಾಗಿ ಮರಾಠಿ, ಹೀಗೆ ಮೂರು ಭಾಷೆ ಕೂರಿಸಿರುವುದು ಸಾಮಾನ್ಯ. ಭಾಷೆ ಬದಲಿಸಲು ವಿಂಡೋಸ್ ಇಟ್ಟಿರುವ ಹಳೆಯ ಉಪಾಯವೆಂದರೆ ಎಡಗಡೆಯ ಆಲ್ಟ್ ಮತ್ತು ಶಿಫ್ಟ್ ಒಟ್ಟಿಗೆ ಒತ್ತುವುದು. ಓಡುವುದಕ್ಕೆ ಶಿಫ್ಟ್, ಇನ್ನೇನಕ್ಕೋ ಆಲ್ಟ್ ಬಳಸುವ ಆಟಗಳಿಗೇನೂ ಕಮ್ಮಿಯಿಲ್ಲ. ಆಟದ ಭರದಲ್ಲಿ ಎರಡೂ ಒಟ್ಟಿಗೆ ಒತ್ತಿದರೆ ಸಾಕು, ಭಾಷೆ ಕನ್ನಡಕ್ಕೋ ಮರಾಠಿಗೋ ಜಿಗಿಯುತ್ತದೆ. ಪೂರ್ಣ ಪರದೆಯಲ್ಲಿ ಆಡುವಾಗ ಕೆಳಗಿನ ಪಟ್ಟಿ ಕಾಣುವುದಿಲ್ಲ, ಹಾಗಾಗಿ ಏನಾಯಿತೆಂದೇ ಗೊತ್ತಾಗುವುದಿಲ್ಲ.

ಎಲ್ಲ ಕನ್ನಡ ವಿನ್ಯಾಸಗಳೂ ಒಂದೇ ಬಗೆಯ ತೊಂದರೆ ಕೊಡುವುದಿಲ್ಲ. ಇನ್‌ಸ್ಕ್ರಿಪ್ಟ್‌ನಲ್ಲಿ ಕೀ ತನ್ನ ಜಾಗದಲ್ಲೇ ಇರುತ್ತದೆ, ಮೂಡುವ ಅಕ್ಷರ ಮಾತ್ರ ಬೇರೆ. ಆದ್ದರಿಂದ ಕೀಯ ಸ್ಥಾನ ನೋಡುವ ಆಟಗಳು ಓಡುತ್ತವೆ, ಅಕ್ಷರ ನೋಡುವ ಆಟಗಳು ನಿಲ್ಲುತ್ತವೆ. 2019ರ ಮೇ ತಿಂಗಳ ಅಪ್‌ಡೇಟ್‌ನಲ್ಲಿ ವಿಂಡೋಸ್ 10ಕ್ಕೆ ಬಂದ ಕನ್ನಡ ಫೊನೆಟಿಕ್ ಕೀಬೋರ್ಡ್ ಕಥೆ ಬೇರೆ. 'ಅಮ್ಮ' ಎಂದು ಬರೆಯಲು ಅದು ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಹಿಡಿದಿಟ್ಟುಕೊಂಡು ಪದ ಕಟ್ಟುತ್ತದೆ. ಆಟದಲ್ಲಿ ಡಬ್ಲ್ಯು, ಎ, ಎಸ್, ಡಿ ಒತ್ತಿದಾಗಲೂ ಅದೇ ಕೆಲಸಕ್ಕೆ ಇಳಿಯುತ್ತದೆ. ಬಾಣದ ಕೀಗಳನ್ನು ಅದು ಮುಟ್ಟುವುದಿಲ್ಲ. ಹಾಗಾಗಿ ಗುರುತು ಸುಲಭ: ಬಾಣದ ಕೀ ಸರಿಯಾಗಿ ನಡೆಯುತ್ತಿದ್ದು, ಅಕ್ಷರದ ಕೀಗಳು ಮಾತ್ರ ಸತ್ತಂತಿದ್ದರೆ ಮೊದಲು ಭಾಷೆಯನ್ನೇ ಅನುಮಾನಿಸಿ.

ಪರಿಹಾರ ಇಷ್ಟೇ. ಗೇಮ್ ತೆರೆಯುವ ಮೊದಲೇ ವಿಂಡೋಸ್ ಕೀ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿ ಇಂಗ್ಲಿಷ್ ಆರಿಸಿ. ಆಟದ ನಡುವೆ ಮತ್ತೆ ಬದಲಾಗದಿರಲು ಸ್ಟಾರ್ಟ್ ಮೆನುವಿನಲ್ಲಿ 'ಅಡ್ವಾನ್ಸ್ಡ್ ಕೀಬೋರ್ಡ್ ಸೆಟ್ಟಿಂಗ್ಸ್' ಹುಡುಕಿ, ಅದರೊಳಗೆ 'ಇನ್‌ಪುಟ್ ಲ್ಯಾಂಗ್ವೇಜ್ ಹಾಟ್ ಕೀಸ್'ಗೆ ಹೋಗಿ ಆಲ್ಟ್-ಶಿಫ್ಟ್ ಜೋಡಿಯನ್ನು 'ನಾಟ್ ಅಸೈನ್ಡ್' ಮಾಡಿ. ಕನ್ನಡ ತೆಗೆದುಹಾಕುವ ಅಗತ್ಯವೇನೂ ಇಲ್ಲ. ಗೇಮ್‌ಗಾಗಿ ಕನ್ನಡವನ್ನೇ ಅಳಿಸಿ ಎಂದು ಯಾರಾದರೂ ಸಲಹೆ ಕೊಟ್ಟರೆ ಕಿವಿಗೆ ಹಾಕಿಕೊಳ್ಳಬೇಡಿ.

ನುಡಿ, ಬರಹ ಬಳಸುವವರು ಇನ್ನೊಂದು ವಿಷಯ ನೆನಪಿಡಿ. ಇವು ಹಿನ್ನೆಲೆಯಲ್ಲಿ ಓಡುತ್ತಾ ಕೀಗಳನ್ನು ಮಧ್ಯದಲ್ಲೇ ಹಿಡಿಯುವ ತಂತ್ರಾಂಶಗಳು. ನುಡಿಯಲ್ಲಿ ಸ್ಕ್ರೋಲ್ ಲಾಕ್, ಬರಹದಲ್ಲಿ ಎಫ್11 ಒತ್ತಿದರೆ ಕನ್ನಡ-ಇಂಗ್ಲಿಷ್ ಬದಲಾಗುತ್ತದೆ. ಕನ್ನಡ ಆನ್ ಆಗಿದ್ದು ಕಿಟಕಿ ಚಿಕ್ಕದಾಗಿ ಕೆಳಗೆ ಕುಳಿತಿದ್ದರೆ ಆಟಕ್ಕೆ ತಲುಪುವುದು ನೀವು ಒತ್ತಿದ ಕೀ ಆಗಿರುವುದಿಲ್ಲ. ಆಡುವ ಮೊದಲು ಅವನ್ನು ಪೂರ್ತಿಯಾಗಿ ಮುಚ್ಚಿ.

ಶಿಫ್ಟ್ ಐದು ಸಲ ಒತ್ತಿದರೆ...

ಟಿಂಗ್ ಎಂಬ ಸದ್ದು ಬಂದು ಆಟ ತಾನಾಗಿ ಚಿಕ್ಕದಾಗಿದ್ದು ನೆನಪಿದೆಯೇ? ಅದು ಸ್ಟಿಕಿ ಕೀಸ್. ಎರಡು ಕೀ ಒಟ್ಟಿಗೆ ಒತ್ತಲಾಗದವರ ಅನುಕೂಲಕ್ಕೆಂದು ವಿಂಡೋಸ್‌ನಲ್ಲಿ ಇರುವ ಸೌಲಭ್ಯ. ಶಿಫ್ಟ್ ಐದು ಸಲ ಒತ್ತಿದರೆ ಎಚ್ಚರಗೊಳ್ಳುತ್ತದೆ. ಪ್ರಿನ್ಸ್ ಆಫ್ ಪರ್ಷಿಯಾದಲ್ಲಿ ಕತ್ತಿ ಬೀಸುವುದು ಶಿಫ್ಟ್‌ನಿಂದಲೇ ಎಂಬುದನ್ನು ಗಮನಿಸಿ, ಒಂದು ಕಾಳಗ ಮುಗಿಯುವಷ್ಟರಲ್ಲಿ ಐದು ಸಲ ಯಾವಾಗಲೋ ಆಗಿರುತ್ತದೆ. ರಾಜಕುಮಾರಿಯನ್ನು ಬಿಡಿಸಲು ಆಟದಲ್ಲಿ ಇರುವುದೇ 60 ನಿಮಿಷ.

ಇದಕ್ಕಿಂತ ತೊಂದರೆಯದು ಫಿಲ್ಟರ್ ಕೀಸ್. ಬಲಗಡೆಯ ಶಿಫ್ಟ್ ಅನ್ನು ಎಂಟು ಸೆಕೆಂಡು ಒತ್ತಿ ಹಿಡಿದರೆ ಅದು ಬರುತ್ತದೆ. ಅದೇ ಆಟದಲ್ಲಿ ಅಂಚು ಹಿಡಿದು ನೇತಾಡುವುದೂ, ಎಚ್ಚರಿಕೆಯಿಂದ ಹೆಜ್ಜೆ ಇಡುವುದೂ ಶಿಫ್ಟ್ ಹಿಡಿದೇ. ಕೇಳುವ ಪ್ರಶ್ನೆಗೆ ಆತುರದಲ್ಲಿ ಎಂಟರ್ ಒತ್ತಿದರೆ ಫಿಲ್ಟರ್ ಕೀಸ್ ಆನ್ ಆಗಿಬಿಡಬಹುದು. ಆನ್ ಆದ ಮೇಲೆ ವಿಂಡೋಸ್ ಚಿಕ್ಕ ಚಿಕ್ಕ ಒತ್ತುಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಕೀಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಮಾತ್ರ ಕೇಳುತ್ತದೆ. ಮೇಲ್ ಬರೆಯುವಾಗಲೂ ಕೀಗಳು ನಿಧಾನವಾಗಿವೆ ಅನ್ನಿಸಿದರೆ ಇದೇ ಕಾರಣ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ, 10ರಲ್ಲಿ ಈಸ್ ಆಫ್ ಆಕ್ಸೆಸ್ ವಿಭಾಗಕ್ಕೆ ಹೋಗಿ ಕೀಬೋರ್ಡ್ ತೆರೆದರೆ ಸ್ಟಿಕಿ ಕೀಸ್, ಫಿಲ್ಟರ್ ಕೀಸ್ ಎರಡೂ ಸಿಗುತ್ತವೆ. ಎರಡನ್ನೂ ಆಫ್ ಮಾಡಿ, ಅವನ್ನು ಆನ್ ಮಾಡುವ ಶಾರ್ಟ್‌ಕಟ್‌ಗಳನ್ನೂ ಆಫ್ ಮಾಡಿ. ಮನೆಯಲ್ಲಿ ಯಾರಿಗಾದರೂ ಈ ಸೌಲಭ್ಯ ನಿಜಕ್ಕೂ ಬೇಕಿದ್ದರೆ ಅವರಿಗೆ ಬೇರೆ ಲಾಗಿನ್ ಮಾಡಿಕೊಡುವುದು ಒಳ್ಳೆಯದು.

ಆಟ ಜಾಯ್‌ಸ್ಟಿಕ್‌ಗಾಗಿ ಕಾಯುತ್ತಿದೆಯೇ?

ಡಾಸ್ ಕಾಲದ ಪ್ರಿನ್ಸ್ ಆಫ್ ಪರ್ಷಿಯಾದಲ್ಲಿ ಕಂಟ್ರೋಲ್ ಮತ್ತು ಜೆ ಒತ್ತಿದರೆ ಆಟ ಜಾಯ್‌ಸ್ಟಿಕ್‌ಗೆ ಹೊರಳುತ್ತದೆ. ಕಂಟ್ರೋಲ್ ಮತ್ತು ಕೆ ಒತ್ತಿದರೆ ಮತ್ತೆ ಕೀಬೋರ್ಡ್‌ಗೆ. ಇಷ್ಟು ಗೊತ್ತಿಲ್ಲದೆ ಆಟವನ್ನೇ ಅಳಿಸಿ ಮತ್ತೆ ಹಾಕಿದವರಿದ್ದಾರೆ. ಇಎ ಸ್ಪೋರ್ಟ್ಸ್‌ನ ಹಳೆಯ ಫಿಫಾ ಆಟಗಳಲ್ಲಿ ಪಂದ್ಯಕ್ಕೆ ಮೊದಲು ತಂಡ ಆರಿಸುವ ಪರದೆಯಲ್ಲಿ ಕೀಬೋರ್ಡ್‌ನ ಚಿತ್ರವನ್ನು ಎಡಕ್ಕೋ ಬಲಕ್ಕೋ ಸರಿಸಬೇಕು. ಮಧ್ಯದಲ್ಲೇ ಬಿಟ್ಟರೆ ಎರಡೂ ತಂಡವನ್ನು ಕಂಪ್ಯೂಟರೇ ಆಡಿಸುತ್ತದೆ, ನೀವು ಪ್ರೇಕ್ಷಕರು.

ಯುಎಸ್‌ಬಿ ಗೇಮ್‌ಪ್ಯಾಡ್ ಸಿಕ್ಕಿಸಿದ್ದರೆ ತೆಗೆದು, ಗೇಮ್ ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ. ಹಳೆಯ ಆಟಗಳು ಯಾವ ಸಾಧನಗಳಿವೆ ಎಂದು ಸಾಮಾನ್ಯವಾಗಿ ಶುರುವಿನಲ್ಲಿ ಮಾತ್ರ ನೋಡುತ್ತವೆ. ಗೇಮ್‌ಪ್ಯಾಡ್ ಇಲ್ಲದಿದ್ದರೂ ಅದನ್ನು ನಟಿಸುವ ತಂತ್ರಾಂಶ ಹಿಂದೆಂದೋ ಹಾಕಿದ್ದು ಉಳಿದಿರಬಹುದು. ವಿಂಡೋಸ್ ಕೀ ಮತ್ತು ಆರ್ ಒತ್ತಿ ಇಂಗ್ಲಿಷ್‌ನಲ್ಲಿ ಜೆ, ಓ, ವೈ, ಚುಕ್ಕೆ, ಸಿ, ಪಿ, ಎಲ್ ಎಂದು ಬರೆದರೆ ವಿಂಡೋಸ್ ಯಾವ ಜಾಯ್‌ಸ್ಟಿಕ್‌ಗಳನ್ನು ಕಾಣುತ್ತಿದೆ ಎಂಬ ಪಟ್ಟಿ ಬರುತ್ತದೆ.

ವೈಸ್ ಸಿಟಿ: ಒಂದು ಫೈಲ್ ಸಾಕು

2003ರಲ್ಲಿ ಕಂಪ್ಯೂಟರ್‌ಗೆ ಬಂದ ವೈಸ್ ಸಿಟಿ, ಕೀಗಳ ಹೊಂದಾಣಿಕೆಯನ್ನು ಒಂದು ಚಿಕ್ಕ ಫೈಲ್‌ನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಅದು ಕೆಟ್ಟರೆ ಅಥವಾ ಬೇರೆ ಕಂಪ್ಯೂಟರ್‌ನಿಂದ ಹಾಗೇ ನಕಲಾಗಿ ಬಂದಿದ್ದರೆ ನಿಯಂತ್ರಣ ಅಡ್ಡಾದಿಡ್ಡಿಯಾಗುತ್ತದೆ. ಗೇಮ್ ಮುಚ್ಚಿ, ಡಾಕ್ಯುಮೆಂಟ್ಸ್ ಒಳಗಿನ 'ಜಿಟಿಎ ವೈಸ್ ಸಿಟಿ ಯೂಸರ್ ಫೈಲ್ಸ್' ಫೋಲ್ಡರ್ ತೆರೆಯಿರಿ. ಜಿಟಿಎ ವಿಸಿ ಎಂದು ಶುರುವಾಗಿ ಚುಕ್ಕೆ ಎಸ್-ಇ-ಟಿ ಎಂದು ಮುಗಿಯುವ ಫೈಲನ್ನು ಡೆಸ್ಕ್‌ಟಾಪ್‌ಗೆ ಸರಿಸಿ. ಮುಂದಿನ ಸಲ ಆಟ ಹೊಸ ಫೈಲ್ ಸೃಷ್ಟಿಸಿಕೊಂಡು ಮೂಲ ಕೀಗಳಿಗೆ ಮರಳುತ್ತದೆ.

ಫೋಲ್ಡರ್ ಪೂರ್ತಿ ಅಳಿಸಬೇಡಿ. ಚುಕ್ಕೆ ಬಿ ಎಂದು ಮುಗಿಯುವ ಫೈಲ್‌ಗಳು ಅದೇ ಫೋಲ್ಡರ್‌ನಲ್ಲಿವೆ. ನೀವು ವರ್ಷಗಟ್ಟಲೆ ಆಡಿ ಉಳಿಸಿದ ಆಟ ಇರುವುದು ಅವುಗಳಲ್ಲೇ. ಕೀಬೋರ್ಡ್ ಸರಿ ಮಾಡಲು ಹೋಗಿ ಆ ಉಳಿತಾಯ ಕಳೆದುಕೊಂಡರೆ ವಾಪಸ್ ತರುವುದು ಕಷ್ಟ. ಆಟ ಯಾವುದೇ ಇರಲಿ, ಏನನ್ನೇ ಬದಲಿಸುವ ಮೊದಲು ಫೋಲ್ಡರ್‌ನ ಒಂದು ಪ್ರತಿ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ.

'ಕೀಬೋರ್ಡ್ ಫಿಕ್ಸ್' ಎಂಬ ಹೆಸರಿನಲ್ಲಿ ಗೊತ್ತಿಲ್ಲದ ತಾಣಗಳಲ್ಲಿ ಸಿಗುವ ಪ್ರೋಗ್ರಾಂಗಳ ವಿಷಯದಲ್ಲಿ ಹುಷಾರಾಗಿರಿ. ಕೀಗಳನ್ನು ಹಿಡಿದು ಆಟಕ್ಕೆ ದಾಟಿಸುವ ಪ್ರೋಗ್ರಾಂ ಅದೇ ಕೀಗಳನ್ನು ಬರೆದಿಟ್ಟುಕೊಳ್ಳಲೂ ಬಲ್ಲದು. ಮಗ ಆಟ ಆಡುವ ಕಂಪ್ಯೂಟರ್‌ನಲ್ಲೇ ನೀವು ಬ್ಯಾಂಕಿನ ಪಾಸ್‌ವರ್ಡ್ ಹಾಕುತ್ತೀರಿ ಎಂಬುದು ನೆನಪಿರಲಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಹಾಗಾಗಿ ಹಳೆ ಯಂತ್ರಗಳಿಗೆ ಅಪಾಯ ಇನ್ನಷ್ಟು. ಅಕಸ್ಮಾತ್ ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಡಾಸ್‌ಬಾಕ್ಸ್‌ನಲ್ಲಿ ಆಡುವವರಿಗೆ ಚಿಕ್ಕ ಮಾತು: ಕಂಟ್ರೋಲ್ ಮತ್ತು ಎಫ್1 ಒತ್ತಿದರೆ ಕೀ ಹೊಂದಾಣಿಕೆಯ ಪರದೆ ಬರುತ್ತದೆ. ಅಲ್ಲಿ ಏನೋ ಎಡವಟ್ಟಾಗಿದ್ದರೆ ಸ್ಟಾರ್ಟ್ ಮೆನುವಿನ ಡಾಸ್‌ಬಾಕ್ಸ್ ಆಯ್ಕೆಗಳಲ್ಲಿರುವ 'ರಿಸೆಟ್ ಕೀಮ್ಯಾಪರ್' ಬಳಸಿ. ಕೀ ತಡವಾಗಿ ಕೇಳುತ್ತಿದ್ದರೆ ಅದು ಕೀ ಸಮಸ್ಯೆಯಲ್ಲದೆ ವೇಗದ ಸಮಸ್ಯೆಯೂ ಆಗಿರಬಹುದು. ಕಂಟ್ರೋಲ್ ಜತೆ ಎಫ್12 ಒತ್ತಿದರೆ ವೇಗ ಹೆಚ್ಚುತ್ತದೆ, ಎಫ್11 ಒತ್ತಿದರೆ ಕಡಿಮೆಯಾಗುತ್ತದೆ.

ಎರಡು ಕೀ ಸರಿ, ಮೂರನೆಯದು ಇಲ್ಲ

ಮುಂದೆ ಓಡುತ್ತಾ, ಎಡಕ್ಕೆ ತಿರುಗುತ್ತಾ, ಸ್ಪೇಸ್ ಒತ್ತಿ ಜಿಗಿಯಲು ಹೋದರೆ ಜಿಗಿಯುವುದಿಲ್ಲ. ಒಂದೊಂದೇ ಒತ್ತಿದರೆ ಎಲ್ಲವೂ ಸರಿ. ಇದು ಕೆಟ್ಟ ಕೀಬೋರ್ಡ್ ಅಲ್ಲ, ಅಗ್ಗದ ಕೀಬೋರ್ಡ್. ಒಳಗೆ ತಂತಿಗಳು ಅಡ್ಡ-ಉದ್ದ ಸಾಲುಗಳಾಗಿ ಜಾಲರಿಯಂತೆ ಹರಡಿರುತ್ತವೆ, ಸಾಲುಗಳು ಸಂಧಿಸುವಲ್ಲಿ ಒಂದೊಂದು ಕೀ. ಜಾಲರಿಯ ಒಂದು ಚೌಕದ ಮೂರು ಮೂಲೆಯ ಕೀಗಳನ್ನು ಒಟ್ಟಿಗೆ ಒತ್ತಿದರೆ ನಾಲ್ಕನೆಯದೂ ಒತ್ತಿದಂತೆ ತೋರುತ್ತದೆ. ಆ ಸುಳ್ಳು ಕೀ ತಡೆಯಲು ಕೀಬೋರ್ಡ್ ಮೂರನೆಯದನ್ನೇ ಬಿಟ್ಟುಬಿಡುತ್ತದೆ. ಯಾವ ಮೂರು ಕೀ ಒಟ್ಟಿಗೆ ಕೆಲಸ ಮಾಡುವುದಿಲ್ಲ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಇಬ್ಬರು ಒಂದೇ ಕೀಬೋರ್ಡ್‌ನಲ್ಲಿ ಕೂತು ಆಡಿದಾಗ 'ನೀನು ಬೇಕಂತಲೇ ಒತ್ತಿ ಹಿಡಿದೆ' ಎಂಬ ಜಗಳದ ಮೂಲ ಇದೇ. ಆಟದ ಆಯ್ಕೆಗಳಲ್ಲಿ ಜಿಗಿತಕ್ಕೆ ಬೇರೆ ಕೀ ಕೊಟ್ಟು ನೋಡಿ, ಶಿಫ್ಟ್ ಅಥವಾ ಕಂಟ್ರೋಲ್ ಸಾಮಾನ್ಯವಾಗಿ ಒಳ್ಳೆಯ ಆಯ್ಕೆ.

ಗೇಮಿಂಗ್ ಎಂದು ಮಾರುವ ಕೆಲವು ಅಗ್ಗದ ಕೀಬೋರ್ಡ್‌ಗಳಲ್ಲಿ ಎಫ್ಎನ್ ಮತ್ತು ಡಬ್ಲ್ಯು ಒಟ್ಟಿಗೆ ಒತ್ತಿದರೆ ಬಾಣದ ಕೀಗಳೂ ಡಬ್ಲ್ಯು-ಎ-ಎಸ್-ಡಿ ಕೀಗಳೂ ಅದಲು ಬದಲಾಗುತ್ತವೆ. ಮತ್ತೆ ಅದನ್ನೇ ಒತ್ತಿದರೆ ಸರಿಹೋಗುತ್ತದೆ. ಚಿಕ್ಕ ಹಳೆ ಲ್ಯಾಪ್‌ಟಾಪ್‌ಗಳಲ್ಲಿ ನಮ್ ಲಾಕ್ ಆನ್ ಆಗಿ ಜೆ, ಕೆ, ಎಲ್ ಕೀಗಳು ಅಂಕಿಗಳಾಗಿರುವುದೂ ಉಂಟು.

ನಿಜಕ್ಕೂ ಕೆಟ್ಟಿದ್ದರೆ

ಪರದೆ ಮೇಲಿನ ಕೀಬೋರ್ಡ್ ಪರೀಕ್ಷೆಯಲ್ಲೇ ಕೆಲವು ಕೀಗಳು ಬೆಳಗದಿದ್ದರೆ ದೋಷ ಯಂತ್ರದಲ್ಲೇ ಇದೆ. ದೂರ ದೂರದ ನಾಲ್ಕೈದು ಕೀಗಳು ಒಂದೇ ದಿನ ನಿಂತರೆ ಒಳಗಿನ ಹಾಳೆಯ ಮೇಲಿನ ಒಂದು ಗೆರೆ ಹೋಗಿದೆ ಎಂದು ತಿಳಿಯಿರಿ. ಮುಂಬೈಯ ಮಳೆಗಾಲದ ತೇವ, ಸಮುದ್ರದ ಉಪ್ಪುಗಾಳಿ, ಮೇಲೆ ಚೆಲ್ಲಿದ ಚಹಾ, ಮೂರೂ ಆ ಗೆರೆಗಳಿಗೆ ಶತ್ರುಗಳು. ಚಹಾ ಚೆಲ್ಲಿದ್ದರೆ ತಕ್ಷಣ ತಂತಿ ಕಿತ್ತು, ಬೋರಲು ಹಾಕಿ ಫ್ಯಾನ್ ಕೆಳಗೆ ಒಂದೆರಡು ದಿನ ಒಣಗಿಸಿ. ಬಾಗಿಲ ಬಳಿಯೇ ಸಿಗುವ ಯುಎಸ್‌ಬಿ ಹಬ್ ಬಿಟ್ಟು, ಕಂಪ್ಯೂಟರ್‌ನ ಹಿಂಬದಿಯ ಪೋರ್ಟ್‌ಗೆ ನೇರವಾಗಿ ಸಿಕ್ಕಿಸಿಯೂ ನೋಡಿ.

ಆಮೇಲೂ ಆಗದಿದ್ದರೆ ಲ್ಯಾಮಿಂಗ್ಟನ್ ರಸ್ತೆಗೆ ಹೋಗಬಹುದು. ಬೋರ್ಡುಗಳ ಮೇಲೆ ಡಾ. ದಾದಾಸಾಹೇಬ್ ಭಡಕಮಕರ್ ಮಾರ್ಗ ಎಂದಿರುತ್ತದೆ, ಗಲಿಬಿಲಿ ಬೇಡ. ಭಾನುವಾರ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ. ಕೊಳ್ಳುವ ಮೊದಲು ಅಂಗಡಿಯ ಕಂಪ್ಯೂಟರ್‌ನಲ್ಲೇ ನಿಮ್ಮ ಆಟದ ಮೂರು ಕೀಗಳನ್ನು ಒಟ್ಟಿಗೆ ಒತ್ತಿ ತೋರಿಸಲು ಹೇಳಿ, ಬೇಸರಿಸಿಕೊಂಡರೆ ಪಕ್ಕದ ಅಂಗಡಿಗೆ ಹೋಗಿ. ಮನೆಯಲ್ಲಿ ದುಂಡನೆ ಪಿನ್ನಿನ ಹಳೆ ಪಿಎಸ್/2 ಕೀಬೋರ್ಡ್ ಇದ್ದು ಅದನ್ನೇ ಉಳಿಸಿಕೊಳ್ಳುವ ಆಸೆಯಿದ್ದರೆ, ಚಿಕ್ಕ ನೇರಳೆ ಬಣ್ಣದ ಅಡಾಪ್ಟರ್ ಎಲ್ಲ ಕೀಬೋರ್ಡ್‌ಗಳಿಗೂ ಆಗುವುದಿಲ್ಲ. ಒಳಗೆ ಚಿಪ್ ಇರುವ ಪಿಎಸ್/2-ಯುಎಸ್‌ಬಿ ಕನ್ವರ್ಟರ್ ಕೇಳಿ. ದುಂಡು ಪಿನ್ ಇರುವ ಪೋರ್ಟ್ ಕಂಪ್ಯೂಟರ್‌ನಲ್ಲೇ ಇದ್ದರೆ ಅದು ಬೇಕಾಗಿಲ್ಲ, ಆದರೆ ಸಿಕ್ಕಿಸುವುದಾಗಲೀ ತೆಗೆಯುವುದಾಗಲೀ ಕಂಪ್ಯೂಟರ್ ಆಫ್ ಮಾಡಿದ ಮೇಲೆಯೇ ಮಾಡಿ.