ಮುಳ್ಳಿನ ಭಾರ

ಹಿಂದೆ ನನ್ನ ವಿದ್ಯಾರ್ಥಿಯಾಗಿದ್ದ ಗೆಳೆಯರೊಬ್ಬರು ಈಚೆಗೆ ಮನೆಗೆ ಬಂದಿದ್ದರು. ತಂದೆಯವರು ಬಿಟ್ಟುಹೋದ ಧ್ವನಿಮುದ್ರಿಕೆಗಳ ಪೆಟ್ಟಿಗೆಯೊಂದು ಅವರ ಕೈಸೇರಿತ್ತು. “ಹಳೆಯ ಕಾಲದ ಟರ್ನ್‌ಟೇಬಲ್ ಒಂದನ್ನು ಕೊಳ್ಳಬೇಕೆಂದಿದ್ದೇನೆ ಸಾರ್. ನಾದ ಚೆನ್ನಾಗಿರಬೇಕು, ಬಳಸುವುದಕ್ಕೆ ತೊಡಕಿರಬಾರದು. ಯಾವುದನ್ನು ಕೊಳ್ಳಲಿ?” ಎಂದು ಕೇಳಿದರು. ಪ್ರಶ್ನೆ ಸಣ್ಣದು. ಉತ್ತರ ಹೇಳಹೊರಟಾಗ ಮಾತ್ರ ಒಂದು ಚರಿತ್ರೆಯನ್ನೇ ಹೇಳಬೇಕಾಯಿತು. ತಟ್ಟೆಯ ಮೇಲೆ ಮುಳ್ಳು ಹೊರಿಸುತ್ತಿದ್ದ ಭಾರ ಹೇಗೆ ಇಳಿಯುತ್ತ ಬಂದಿತೆಂಬುದೇ ಆ ಚರಿತ್ರೆಯ ತಿರುಳು.

ಎಮಿಲ್ ಬರ್ಲಿನರ್ 1887ರಲ್ಲಿ ರೂಪಿಸಿದ ಗ್ರಾಮಫೋನು 1902ರಲ್ಲಿ ಕಲಕತ್ತೆಗೆ ಬಂದು ಗೌಹರ್ ಜಾನಳ ಕಂಠವನ್ನು ಮುದ್ರಿಸಿಕೊಂಡಿತು. ಆಕೆ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯ ಪಡೆದು, 1930ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡಳು. ಅಂದಿನ ತಟ್ಟೆಗಳಿಗೆ ನಮ್ಮ ನಾಡಿನ ಅರಗೇ ಮೂಲದ್ರವ್ಯ. ಅದಕ್ಕೆ ಕಲ್ಲಿನ ನಯವಾದ ಪುಡಿಯನ್ನು ಬೆರೆಸುತ್ತಿದ್ದರು. ಆ ಪುಡಿ ಉಕ್ಕಿನ ಮುಳ್ಳನ್ನು ಉಜ್ಜಿ ಗೀರಿನ ಆಕಾರಕ್ಕೆ ತರುತ್ತಿತ್ತು. ಆದ್ದರಿಂದಲೇ ಪ್ರತಿಯೊಂದು ಮಗ್ಗುಲಿಗೂ ಹೊಸ ಮುಳ್ಳನ್ನು ಹಾಕಬೇಕೆಂಬ ನಿಯಮ. ನಮ್ಮ ಮನೆಯಲ್ಲಿ ಮಿತವ್ಯಯದ ಹೆಸರಿನಲ್ಲಿ ಒಂದೇ ಮುಳ್ಳನ್ನು ವಾರಗಟ್ಟಲೆ ಬಳಸುತ್ತಿದ್ದೆವು. ನೂರು ಗ್ರಾಮಿಗೂ ಮೀರಿದ ಭಾರದಡಿಯಲ್ಲಿ ಆ ಸವೆದ ಮುಳ್ಳು ಉಳಿಯಂತೆ ಗೀರನ್ನು ಕೆತ್ತಿತು. ಕಪ್ಪು ತಟ್ಟೆಗಳು ಬೂದುಬಣ್ಣಕ್ಕೆ ತಿರುಗಿದವು. ಹಾಡು ಮರಳಿನ ಸದ್ದಿನಲ್ಲಿ ಹೂತುಹೋಯಿತು. ಪ್ರೀತಿಯಿಂದ ಕೇಳಿ ಕೇಳಿಯೇ ನಾವು ಅದನ್ನು ಅಳಿಸಿದೆವು. ಆ ಹಾಡುಗಳು ಮತ್ತೆ ಸಿಕ್ಕಲಿಲ್ಲ.

1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪೆನಿ ನಿಮಿಷಕ್ಕೆ 33⅓ ಸುತ್ತು ತಿರುಗುವ, ಸೂಕ್ಷ್ಮವಾದ ಗೀರುಗಳುಳ್ಳ ವಿನೈಲ್ ತಟ್ಟೆಯನ್ನು ತಂದಿತು. ಈ ಮೆದು ವಸ್ತುವಿಗೆ ವಜ್ರದ ತುದಿಯೂ ಹಗುರವಾದ ತೋಳೂ ಬೇಕಾದವು. ಮೋಟಾರಿನ ಗುಡುಗುಟ್ಟುವಿಕೆ ತಟ್ಟೆಗೆ ತಾಗದಂತೆ ನೋಡಿಕೊಳ್ಳುವುದೂ ಅಗತ್ಯವಾಯಿತು. ಇಂಗ್ಲೆಂಡಿನ ಸ್ವಿಂಡನ್ನಿನಲ್ಲಿ ತಯಾರಾದ ಗ್ಯಾರಾರ್ಡ್ 301 ರಬ್ಬರ್ ಚಕ್ರದಿಂದ ತಟ್ಟೆಯನ್ನು ತಿರುಗಿಸಿತು. ಇದು 1954ರ ಯಂತ್ರ. 1961ರಲ್ಲಿ ಎಡ್ಗರ್ ವಿಲ್ಚರ್ ಎಂಬಾತ ಬೆಲ್ಟನ್ನೂ ಸ್ಪ್ರಿಂಗುಗಳನ್ನೂ ಬಳಸಿ ಮೋಟಾರನ್ನು ದೂರವಿಟ್ಟ. 1970ರಲ್ಲಿ ಜಪಾನಿನ ಟೆಕ್ನಿಕ್ಸ್ ಎಸ್‌ಪಿ-10ರಲ್ಲಿ ಮೋಟಾರೇ ತಟ್ಟೆಯ ಅಚ್ಚಾಯಿತು. ಆ ತತ್ತ್ವವನ್ನೇ ಅನುಸರಿಸಿದ ಎಸ್‌ಎಲ್-1200 ಬಂದದ್ದು 1972ರಲ್ಲಿ.

ಸೌಲಭ್ಯದ ಕಥೆಯೇ ಬೇರೆ. ತಟ್ಟೆಗಳನ್ನು ಒಂದರ ಮೇಲೊಂದು ತಾನಾಗಿ ಬೀಳಿಸಿ ನುಡಿಸುವ ಅಗ್ಗದ ಯಂತ್ರಗಳಲ್ಲಿ ಸುಖವಿತ್ತು, ಜೊತೆಗೆ ಭಾರವಾದ ತೋಳೂ ಇತ್ತು. ಸಂಗೀತಪ್ರಿಯರು ಅವನ್ನು ದೂರವಿಟ್ಟದ್ದು ಸಹಜ. ಜರ್ಮನಿಯ ಡ್ಯುಯಲ್ 1019ರಂಥ ಯಂತ್ರಗಳು 1960ರ ದಶಕದಲ್ಲಿ ಈ ವೈರವನ್ನು ತಕ್ಕಮಟ್ಟಿಗೆ ತೀರಿಸಿದವು. ಅವುಗಳ ತೋಳು ತಾನೇ ಇಳಿದು ತಾನೇ ಏಳುತ್ತಿತ್ತು, ಹಗುರವಾಗಿಯೂ ನಡೆಯುತ್ತಿತ್ತು.

ಹಾಗಾದರೆ ಡ್ಯುಯಲ್ಲನ್ನೇ ಕೊಳ್ಳಬಹುದಲ್ಲವೇ? ಕೊಳ್ಳಬಹುದು, ಬಲ್ಲ ಮೆಕ್ಯಾನಿಕ್ ಹತ್ತಿರದಲ್ಲಿದ್ದರೆ. ಹಲವು ದಶಕಗಳಲ್ಲಿ ಒಳಗಿನ ಗ್ರೀಸು ಗಟ್ಟಿಯಾಗಿ ಸನ್ನೆಗಳು ಸಿಕ್ಕಿಕೊಳ್ಳುತ್ತವೆ, ರಬ್ಬರ್ ಚಕ್ರ ಬಿರುಸಾಗುತ್ತದೆ. ಬೆಲ್ಟಿನ ಯಂತ್ರ ಸರಳ. ಬೆಲ್ಟನ್ನು ನಾವೇ ಬದಲಿಸಬಹುದು. 1979ರ ಎಸ್‌ಎಲ್-1200 ಎಂಕೆ2ರಲ್ಲಿ ಸವೆಯುವ ಭಾಗಗಳೇ ಕಡಿಮೆ, ವೇಗವನ್ನು ಸ್ಫಟಿಕವೊಂದು ಕಾಯುತ್ತದೆ. ನಾನು ಗೆಳೆಯರಿಗೆ ಸೂಚಿಸಿದ್ದು ಇದನ್ನೇ. ಹಾಡು ಮುಗಿದಾಗ ಎದ್ದುಹೋಗಿ ತೋಳನ್ನು ಎತ್ತಬೇಕೆಂಬುದು ಅದರ ಕೊರತೆ. ಅಷ್ಟು ಶ್ರಮ ಕೇಳುಗನಿಗೆ ಶೋಭೆಯೇ ಎಂದುಕೊಳ್ಳೋಣ.

ಇನ್ನೊಂದು ಎಚ್ಚರಿಕೆ. ಅಮೆರಿಕದಿಂದ ತಂದ ಅನೇಕ ಹಳೆಯ ಯಂತ್ರಗಳ ಮೋಟಾರು ಅಲ್ಲಿಯ 60 ಆವರ್ತದ ವಿದ್ಯುತ್ತಿಗೆ ಹೊಂದಿಸಿದ್ದು. ನಮ್ಮ ವಿದ್ಯುತ್ತಿನದು 50 ಆವರ್ತ. ಬಿಡಿಭಾಗ ಬದಲಿಸದೆ ಓಡಿಸಿದರೆ ವೇಗ ಆರರಲ್ಲೊಂದು ಪಾಲು ಕುಗ್ಗಿ, ಸಾಧಾರಣ ಗಾಂಧಾರ ಷಡ್ಜಕ್ಕಿಳಿದಂತೆ ಶ್ರುತಿಯೇ ಕುಸಿಯುತ್ತದೆ. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಸರಿಪಡಿಸೀತು, ಶ್ರುತಿಯನ್ನಲ್ಲ.

ಕೊಳ್ಳುವ ಮುನ್ನ ತೋಳನ್ನು ಬೆರಳ ತುದಿಯಿಂದ ಅಲುಗಿಸಿ ನೋಡಬೇಕು. ಅದು ಗಡಗಡಿಸಬಾರದು, ತಡೆತಡೆದು ಚಲಿಸಲೂ ಬಾರದು. ಮುಳ್ಳಿನ ಭಾರವನ್ನು ಅದರ ತಯಾರಕರು ಹೇಳಿದಷ್ಟೇ ಇಡಬೇಕು. ಸಾಮಾನ್ಯವಾಗಿ ಅದು ಒಂದೂವರೆಯಿಂದ ಎರಡು ಗ್ರಾಮು. ತೀರ ಹಗುರವಾದರೂ ಮುಳ್ಳು ಗೀರಿನಲ್ಲಿ ನೆಲೆನಿಲ್ಲದೆ ಕುಣಿದು ಗಾಯಮಾಡುತ್ತದೆ. ಇನ್ನು ಅರಗಿನ ತಟ್ಟೆಗಳಿಗೆ 78ರ ವೇಗವೂ ಅಗಲವಾದ ಬೇರೆ ಮುಳ್ಳೂ ಬೇಕು. ಎಂಕೆ2ರಲ್ಲಿ ಆ ವೇಗವಿಲ್ಲ. ಅಂಥ ತಟ್ಟೆಗಳಿದ್ದರೆ ಬೇರೆ ಏರ್ಪಾಟೇ ಆಗಬೇಕು.

ಗೆಳೆಯರು ಹೊರಡುವಾಗ, ಇರುವ ಹಣವನ್ನೆಲ್ಲ ಯಂತ್ರಕ್ಕೇ ಸುರಿಯಲೇ ಎಂದು ಕೇಳಿದರು. ಬೇಡವೆಂದೆ. ಹಿಂದಿನ ಒಡೆಯನ ಮುಳ್ಳು ಎಷ್ಟು ಸವೆದಿದೆಯೆಂದು ಬಲ್ಲವರಾರು? ತಂದೆಯವರ ತಟ್ಟೆಯನ್ನು ಅದರ ಕೈಗೆ ಒಪ್ಪಿಸಬಾರದು. ಯಂತ್ರ ಹಳೆಯದಿರಲಿ, ಮುಳ್ಳು ಮಾತ್ರ ಹೊಸದಿರಲಿ.