ಕೆಸುವಿನ ವಂಶಾವಳಿ

ನಮ್ಮ ಕರಾವಳಿ, ಮಲೆನಾಡುಗಳಲ್ಲಿ ಪತ್ರೊಡೆಯಾಗುವ ಕೆಸು, ಹವಾಯಿಯವರ ‘ಕಲೊ’, ಜಪಾನೀಯರ ‘ಸಾತೊಇಮೊ’ ಇವೆಲ್ಲವೂ ಒಂದೇ ಸಸ್ಯಪ್ರಭೇದ. ಶಾಸನ, ಕಡತಗಳನ್ನು ನೆಚ್ಚಿದ ಇತಿಹಾಸಕ್ಕೆ ಇದರ ಮೂಲವನ್ನರಸುವುದು ಸುಲಭಸಾಧ್ಯವಲ್ಲ. ಧಾನ್ಯದ ಕಾಳು ಬೆಂಕಿಯಲ್ಲಿ ಕರಕಲಾಗಿ ಸಹಸ್ರಾರು ವರ್ಷ ಉಳಿಯಬಲ್ಲದು. ಗೆಡ್ಡೆಯಾದರೋ ಮಣ್ಣಿನಲ್ಲಿ ಕೊಳೆತುಹೋಗುತ್ತದೆ. ಪಪುವಾ ನ್ಯೂಗಿನಿಯ ಕೂಕ್‌ನಲ್ಲಿ ಸುಮಾರು 10,000 ವರ್ಷ ಹಳೆಯ ಕಲ್ಲಿನ ಉಪಕರಣಗಳಿಗೆ ಅಂಟಿ ಉಳಿದ ಕೆಸುವಿನ ಪಿಷ್ಟಕಣಗಳಂತಹ ಸಾಕ್ಷ್ಯಗಳು ವಿರಳ.

ಆದ್ದರಿಂದ ಸಂಶೋಧಕರು ಜೀವಂತ ಗಿಡವನ್ನೇ ಕಡತವೆಂದು ಓದತೊಡಗಿದರು. ಜೀವಕೋಶದಲ್ಲಿ ಪ್ರೋಟೀನು ತಯಾರಿಸುವ ರೈಬೋಸೋಮುಗಳಿಗೆ ಸಂಬಂಧಿಸಿದ ಡಿಎನ್‌ಎ ನೂರಾರು ಪ್ರತಿಗಳಾಗಿ ಸಾಲುಗಟ್ಟಿರುತ್ತದೆ. ಅದರ ಜೀನುಗಳು ಬಹುಮಟ್ಟಿಗೆ ಬದಲಾಗವು. ಅವುಗಳ ನಡುವಣ ತೆರಪುಗಳು ಮಾತ್ರ ತಳಿಗಳ ನಡುವೆ ಭಿನ್ನವಾಗಬಲ್ಲವು. ಆ ವ್ಯತ್ಯಾಸಗಳನ್ನು ಹೋಲಿಸಿ ತಳಿಗಳ ನಂಟನ್ನು ಊಹಿಸಬಹುದು. ಪೀಟರ್ ಮ್ಯಾಥ್ಯೂಸ್ ಮತ್ತು ಸಂಗಡಿಗರು ಜಪಾನಿನ ಕೆಸುವನ್ನು ಕುರಿತ ಇಂತಹ ಅಧ್ಯಯನವನ್ನು 1992ರಲ್ಲಿ ಪ್ರಕಟಿಸಿದರು.

ಕೆಸುವನ್ನು ಸಾಮಾನ್ಯವಾಗಿ ಬೀಜದಿಂದಲ್ಲ, ಮರಿಗೆಡ್ಡೆಯಿಂದ ಬೆಳೆಸುತ್ತಾರೆ. ಹೀಗಾಗಿ ತಾಯಿಗಿಡದ ಗುರುತು ಮರಿಯಲ್ಲಿಯೂ ಉಳಿಯುತ್ತದೆ. ಅದನ್ನು ದೋಣಿಯಲ್ಲಿರಿಸಿ ಕಡಲು ದಾಟಿಸಿದವರ ಹೆಸರು ಯಾವ ಶಾಸನದಲ್ಲಿಯೂ ಇಲ್ಲ. ಅವರ ಚರಿತ್ರೆ ಗಿಡದಲ್ಲಿದೆ. ಹಿತ್ತಲಿನ ಒಂದು ತಳಿ ಅಳಿದರೆ ಆ ಚರಿತ್ರೆಯ ಒಂದು ಪುಟವೇ ಅಳಿದಂತೆಂದು ನಾನು ಭಾವಿಸುತ್ತೇನೆ. ಮುಂದಿನ ಸಲ ತಾಯ್ನಾಡಿಗೆ ಹೋದಾಗ ಹಿರಿಯರಿಂದ ಕೆಸುವಿನ ತಳಿಗಳ ಹೆಸರನ್ನಾದರೂ ಕೇಳಿ ಬರೆದಿಟ್ಟುಕೊಳ್ಳೋಣ.