ಗುಡಿಸುವವರು, ಅಳೆಯುವವರು: ರಿಜಿಸ್ಟ್ರಿ ರಿಪೇರಿಯ ಮೂವತ್ತು ವರ್ಷ

ಮನೆಯ ಕಂಪ್ಯೂಟರ್ ನಿಧಾನವಾಯಿತೆಂದರೆ ಇವತ್ತಿಗೂ ಮೊದಲು ಸಿಗುವ ಸಲಹೆ ‘ರಿಜಿಸ್ಟ್ರಿ ಕ್ಲೀನ್ ಮಾಡಿಸಿ’ ಎಂಬುದು. ಕನ್ನಡದ ಯೂಟ್ಯೂಬ್ ವಿಡಿಯೋಗಳಲ್ಲೂ ಇದೇ ಮಾತು, ಬೀದಿಯ ಸರ್ವಿಸ್ ಅಂಗಡಿಗಳಲ್ಲೂ ಇದೇ ಮಾತು. ಈ ಸಲಹೆ ಹುಟ್ಟಿದ ಕಾಲಕ್ಕೆ ತಪ್ಪಾಗಿರಲಿಲ್ಲ. ಆದರೆ ಆ ಕಾಲ 2001ರಲ್ಲೇ ಮುಗಿಯಿತು. ಅದರ ಜಾಗಕ್ಕೆ ಬಂದ ವಿದ್ಯೆ ಯಾವುದು, ಅದು ಮನೆಗಳಿಗೆ ಯಾಕೆ ತಲುಪಲಿಲ್ಲ ಎಂಬುದನ್ನು ಇಪ್ಪತ್ತೈದು ವರ್ಷ ಇದೇ ಕಸುಬು ಮಾಡಿಕೊಂಡು ಬಂದವನಾಗಿ ಬರೆದಿಡಬೇಕೆನಿಸಿದೆ.

ಮೊದಲ ಘಟ್ಟವನ್ನು ಬೇಗ ಹೇಳಿ ಮುಗಿಸಬಹುದು. ಆಗ ಒಂದೊಂದು ಪ್ರೋಗ್ರಾಮೂ ತನ್ನ ಸೆಟ್ಟಿಂಗುಗಳನ್ನು ಐಎನ್‌ಐ ಎಂಬ ಬರೀ ಅಕ್ಷರದ ಫೈಲುಗಳಲ್ಲಿ ಬರೆದಿಡುತ್ತಿತ್ತು. 1992ರ ವಿಂಡೋಸ್ 3.1ರಲ್ಲಿ, ಇಂಥ ನಮೂದುಗಳನ್ನು ಒಂದೇ ಕಡೆ ಇಡುವ ರಿಜಿಸ್ಟ್ರಿಯ ಮೊದಲ ರೂಪ ಬಂತು. ಯಾವ ಫೈಲನ್ನು ಯಾವ ಪ್ರೋಗ್ರಾಮ್ ತೆರೆಯಬೇಕು ಎಂಬಂಥ ಸಣ್ಣ ಲೆಕ್ಕಕ್ಕಷ್ಟೇ ಅದಿತ್ತು, 64 ಕೆಬಿ ಮೀರುವಂತಿರಲಿಲ್ಲ. ಮರುವರ್ಷ ವಿಂಡೋಸ್ ಎನ್‌ಟಿ ಇಡೀ ಸಿಸ್ಟಮ್ಮಿನ ಜಾತಕವನ್ನೇ ರಿಜಿಸ್ಟ್ರಿಗೆ ತಂದಿತು. 1995ರಲ್ಲಿ ಅದು ಮನೆಗಳಿಗೂ ಬಂತು.

ವಿಂಡೋಸ್ 95 ಮತ್ತು 98ರಲ್ಲಿ ರಿಜಿಸ್ಟ್ರಿ ದಪ್ಪಗಾಗುವುದು ನಿಜವಾದ ಕಾಯಿಲೆಯೇ. 16 ಅಥವಾ 32 ಎಂಬಿ ರ‍್ಯಾಮಿನ ಯಂತ್ರದಲ್ಲಿ ಕೆಲವು ಎಂಬಿ ರಿಜಿಸ್ಟ್ರಿಯೂ ಭಾರವೇ. ಮೈಕ್ರೋಸಾಫ್ಟೇ ‘ರೆಗ್‌ಕ್ಲೀನ್’ ಎಂಬ ಉಪಕರಣ ಹಂಚಿತ್ತು, ಆಮೇಲೆ ಹಿಂದಕ್ಕೆ ತೆಗೆದುಕೊಂಡಿತು. 98ರ ಜೊತೆ ಬಂದ ಸ್ಕ್ಯಾನ್‌ರೆಗ್ ಮಾತ್ರ ಒಳ್ಳೆಯ ಕೆಲಸಗಾರ. ದಿನಕ್ಕೊಮ್ಮೆ ತಪಾಸಣೆ ಮಾಡಿ, ಹಿಂದಿನ ಐದು ಪ್ರತಿ ಕಾದಿಟ್ಟು, ಖಾಲಿ ಜಾಗ ಹೆಚ್ಚಾದರೆ ತಾನೇ ಒತ್ತಿ ಚಿಕ್ಕದು ಮಾಡುತ್ತಿತ್ತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೆಲಸ ಕಲಿತ ನನ್ನ ವಾರಗೆಯವರಿಗೆ ಡಾಸ್ ಪರದೆಯ ಮೇಲೆ ‘ಸ್ಕ್ಯಾನ್‌ರೆಗ್ ರಿಸ್ಟೋರ್’ ಹೊಡೆದೊಡನೆ ಸತ್ತ ಯಂತ್ರ ಎದ್ದು ಕೂತದ್ದು ಈಗಲೂ ನೆನಪಿರುತ್ತದೆ.

ಎನ್‌ಟಿ 4 ಮತ್ತು ವಿಂಡೋಸ್ 2000ರಲ್ಲಿ ಕಾಯಿಲೆ ಇನ್ನೂ ಗಟ್ಟಿಯಾಯಿತು. ಅಲ್ಲಿ ರಿಜಿಸ್ಟ್ರಿಯೆಲ್ಲ ‘ಪೇಜ್ಡ್ ಪೂಲ್’ ಎಂಬ ಮಿತವಾದ ಮೆಮೊರಿಯಲ್ಲಿ ಕೂರಬೇಕಿತ್ತು. ಅದಕ್ಕೊಂದು ಕೋಟಾ ಇತ್ತು, ವರ್ಚುವಲ್ ಮೆಮೊರಿಯ ಕಿಟಕಿಯಲ್ಲೇ ಅದನ್ನು ಏರಿಸಬಹುದಿತ್ತು. ಇದರ ಮೇಲೆ, ಬೂಟ್ ಆಗುವಾಗ ಕರ್ನಲ್, ಬೂಟ್ ಡ್ರೈವರ್‌ಗಳು ಮತ್ತು ಸಿಸ್ಟಮ್ ಹೈವ್ (ರಿಜಿಸ್ಟ್ರಿಯನ್ನು ಹಂಚಿಟ್ಟ ಫೈಲುಗಳಿಗೆ ಹೈವ್ ಎನ್ನುತ್ತಾರೆ) ಎಲ್ಲವೂ ಮೊದಲ 16 ಎಂಬಿಯೊಳಗೆ ಹಿಡಿಯಬೇಕಿತ್ತು. ಹಿಡಿಯದಿದ್ದರೆ ‘ಸಿಸ್ಟಮ್ ಫೈಲು ಕಾಣೆಯಾಗಿದೆ ಅಥವಾ ಕೆಟ್ಟಿದೆ’ ಎಂಬ ಸಂದೇಶ ಬರುತ್ತಿತ್ತು. ಫೈಲು ಕಾಣೆಯಾಗಿರುತ್ತಿರಲಿಲ್ಲ, ಕೆಟ್ಟೂ ಇರುತ್ತಿರಲಿಲ್ಲ, ದಪ್ಪಗಾಗಿರುತ್ತಿತ್ತು ಅಷ್ಟೆ. ಅದನ್ನು ತಿಳಿಯದೆ ರಿಪೇರಿಯವರು ಎಷ್ಟೋ ಜನರ ಡಿಸ್ಕುಗಳನ್ನು ಫಾರ್ಮ್ಯಾಟ್ ಮಾಡಿ ಕಳಿಸಿದರು. ಅವುಗಳ ಜೊತೆ ಮದುವೆಯ ಫೋಟೋಗಳೂ ಮಕ್ಕಳ ಪ್ರಾಜೆಕ್ಟುಗಳೂ ಹೋದವು.

2001ರ ಎಕ್ಸ್‌ಪಿ ಇದೆಲ್ಲವನ್ನೂ ಬದಲಿಸಿತು. ಹೈವ್ ಫೈಲನ್ನು ಇಡಿಯಾಗಿ ಪೂಲಿಗೆ ತುಂಬುವ ಬದಲು ಬೇಕಾದ ತುಣುಕನ್ನು ಬೇಕಾದಾಗ ಮೆಮೊರಿಗೆ ತರುವ ಕ್ರಮ ಬಂತು, ಕೋಟಾ ಹೋಯಿತು. ತಾಲ್ಲೂಕು ಕಚೇರಿಯಲ್ಲಿ ಸರ್ವೆ ನಂಬರ್ ಕೊಟ್ಟರೆ ಆ ಒಂದು ಪಹಣಿಯನ್ನು ತೆಗೆಯುತ್ತಾರೆಯೇ ಹೊರತು ಇಡೀ ಹೋಬಳಿಯ ದಾಖಲೆ ಓದುವುದಿಲ್ಲ. ರಿಜಿಸ್ಟ್ರಿಯೂ ಹಾಗೆಯೇ. ಹಿಂದೆಂದೋ ತೆಗೆದುಹಾಕಿದ ಪ್ರೋಗ್ರಾಮಿನ ಅನಾಥ ಕೀಗಳು, ಅಂದರೆ ರಿಜಿಸ್ಟ್ರಿಯ ಫೋಲ್ಡರುಗಳು, ಮೂಲೆಯಲ್ಲಿ ಬಿದ್ದಿದ್ದರೆ ಅವನ್ನು ಯಾರೂ ಮುಟ್ಟುವುದಿಲ್ಲ, ಅವುಗಳಿಂದ ವೇಗ ಕುಗ್ಗುವುದೂ ಇಲ್ಲ.

ಕ್ಲೀನರ್‌ಗಳ ಸಂತೆ ಸೇರಿದ್ದು ಮಾತ್ರ ಇದಾದ ಮೇಲೆಯೇ. 2008ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಅಟಾರ್ನಿ ಜನರಲ್ ‘ರಿಜಿಸ್ಟ್ರಿ ಕ್ಲೀನರ್ ಎಕ್ಸ್‌ಪಿ’ ಮಾರುವವರ ಮೇಲೆ ದಾವೆ ಹೂಡಿದರು. ‘ನಿಮ್ಮ ರಿಜಿಸ್ಟ್ರಿ ಹಾಳಾಗಿದೆ’ ಎಂಬ ಸುಳ್ಳು ಎಚ್ಚರಿಕೆಯನ್ನು ಜನರ ಪರದೆಗೆ ಕಳಿಸಿ, ಅದರ ಮದ್ದನ್ನು 39.95 ಡಾಲರಿಗೆ ಮಾರುತ್ತಿದ್ದರೆಂಬುದು ಆರೋಪ. ಪ್ರಾಮಾಣಿಕವಾಗಿ ತಯಾರಾದ ಕ್ಲೀನರ್‌ಗಳೂ ಇದ್ದವು. ಅವೂ ‘ಅಮಾನ್ಯ ನಮೂದು’ಗಳನ್ನು ಎಣಿಸಿ ತೋರಿಸಿದವು, ಎಣಿಕೆ ದೊಡ್ಡದಿದ್ದಷ್ಟೂ ಜನ ಹೆದರಿದರು. ರಿಜಿಸ್ಟ್ರಿ ಕ್ಲೀನರ್‌ಗಳ ಬಳಕೆಗೆ ತನ್ನ ಬೆಂಬಲವಿಲ್ಲ ಎಂದು ಮೈಕ್ರೋಸಾಫ್ಟ್ ಕೊನೆಗೆ ಬರೆದು ಹೇಳಿತು. ಅಷ್ಟು ಹೊತ್ತಿಗೆ ರೂಢಿ ಬೇರೂರಿತ್ತು.

ಇದೇ ಕಾಲದಲ್ಲಿ ಬೆಳೆದ ಇನ್ನೊಂದು ಪರಂಪರೆ ನನ್ನದು. ಅದನ್ನು ಅಳೆಯುವವರ ಪರಂಪರೆ ಎನ್ನುತ್ತೇನೆ. ಮಾರ್ಕ್ ರಸಿನೋವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ 1996ರಲ್ಲಿ ಶುರುಮಾಡಿದ, ಸಿಸ್‌ಇಂಟರ್ನಲ್ಸ್ ಎಂದು ಹೆಸರಾದ ತಾಣದಿಂದ ರೆಗ್‌ಮಾನ್ ಬಂತು. ಯಾವ ಪ್ರೋಗ್ರಾಮ್ ಈ ಕ್ಷಣದಲ್ಲಿ ರಿಜಿಸ್ಟ್ರಿಯ ಯಾವ ಜಾಗ ಓದುತ್ತಿದೆ, ಎಲ್ಲಿ ಬರೆಯುತ್ತಿದೆ ಎಂಬುದು ಅದರಲ್ಲಿ ಸಾಲುಸಾಲಾಗಿ ಹರಿಯುತ್ತಿತ್ತು. ಮೊದಲ ಸಲ ನೋಡಿದಾಗ ನನಗೆ ಮುಚ್ಚಿದ ಗೋಡೆಗೆ ಕಿಟಕಿ ಇಟ್ಟಂತಾಯಿತು. 2006ರಲ್ಲಿ ಅವರ ಸಂಸ್ಥೆಯನ್ನು ಮೈಕ್ರೋಸಾಫ್ಟ್ ಕೊಂಡಿತು, ಅದೇ ವರ್ಷ ರೆಗ್‌ಮಾನ್ ಮತ್ತು ಫೈಲ್‌ಮಾನ್ ಸೇರಿ ಪ್ರೊಸೆಸ್ ಮಾನಿಟರ್ ಆಯಿತು. ಯಾವ ಕೊಂಬೆ ಎಷ್ಟು ಜಾಗ ತಿಂದಿದೆ ಎಂದು ಲೆಕ್ಕ ಹಾಕುವ ‘ಆರ್‌ಯು’ ಎಂಬ ಪುಟ್ಟ ಉಪಕರಣ ತಡವಾಗಿ ಬಂತು. ಜರ್ಮನಿಯ ಲಾರ್ಸ್ ಹೆಡರರ್ ಬರೆದ ಎನ್‌ಟಿರೆಗ್‌ಆಪ್ಟ್ ಏನನ್ನೂ ಅಳಿಸುತ್ತಿರಲಿಲ್ಲ, ಹೈವನ್ನು ಖಾಲಿ ಜಾಗವಿಲ್ಲದಂತೆ ಹೊಸದಾಗಿ ಬರೆಯುತ್ತಿತ್ತು. ಆ ಸಂಯಮಕ್ಕೆ ನನ್ನ ಗೌರವ ಇನ್ನೂ ಇದೆ.

ಈ ಎರಡು ದಾರಿಗಳ ಅಂತರ ನನಗೆ ಮನದಟ್ಟಾದದ್ದು 2017ರಲ್ಲಿ, ತುಮಕೂರಿನ ನಿವೃತ್ತ ಮೇಷ್ಟರೊಬ್ಬರ ಮನೆಯಲ್ಲಿ. ಅವರದು ವಿಂಡೋಸ್ 7. ಲಾಗಿನ್ ಆದ ಮೇಲೆ ನಾಲ್ಕು ನಿಮಿಷ ಪರದೆ ಕಪ್ಪಗೇ ಇರುತ್ತಿತ್ತು. ‘ಮೂರು ಕ್ಲೀನರ್ ಹಾಕಿಸಿದ್ದೀನಪ್ಪಾ, ಒಂದಂತೂ 1,400 ತಪ್ಪು ಸರಿಮಾಡ್ತು’ ಎಂದರು ಮೇಷ್ಟರು. ಒಂದೊಂದು ನಮೂದು ಮುನ್ನೂರು ಬೈಟು ಎಂದಿಟ್ಟುಕೊಂಡರೂ 1,400 ನಮೂದು ಅರ್ಧ ಎಂಬಿ ಮುಟ್ಟುವುದಿಲ್ಲ. ನಾನು ಸಿಸ್ಟಮ್32ರೊಳಗಿನ ಕಾನ್ಫಿಗ್ ಫೋಲ್ಡರ್ ತೆರೆದು ಫೈಲುಗಳನ್ನು ಗಾತ್ರದ ಕ್ರಮದಲ್ಲಿ ಜೋಡಿಸಿದೆ. ಒಂದು ಎಂಬಿಯೂ ಇರಬಾರದ ‘ಡಿಫಾಲ್ಟ್’ ಹೈವ್ 180 ಎಂಬಿ ಇತ್ತು.

ಡಿಫಾಲ್ಟ್ ಎಂಬ ಹೆಸರು ನೋಡಿ ಅದು ಹೊಸ ಬಳಕೆದಾರರಿಗೆ ಸಿಗುವ ಮಾದರಿ ಎಂದುಕೊಳ್ಳುವವರು ಬಹಳ. ಅದು ‘ಲೋಕಲ್ ಸಿಸ್ಟಮ್’ ಖಾತೆಯದು, ಹಿನ್ನೆಲೆಯಲ್ಲಿ ಓಡುವ ಸರ್ವಿಸ್‌ಗಳು ಬರೆಯುವ ಜಾಗ. ಆರ್‌ಯು ಓಡಿಸಿದೆ. ಭಾರವೆಲ್ಲ ‘ಪ್ರಿಂಟರ್ಸ್’ ಕೀಯ ಕೆಳಗಿನ ‘ಡೆವ್‌ಮೋಡ್ಸ್2’ರಲ್ಲಿ. ಪ್ರೊಸೆಸ್ ಮಾನಿಟರ್‌ನಲ್ಲಿ ಆ ದಾರಿಯನ್ನಷ್ಟೇ ಸೋಸಿ ಕೂತೆ. ಪ್ರಿಂಟ್ ಸ್ಪೂಲರ್ ಹಳೆಯ ನಮೂದನ್ನು ಹಾಗೇ ಬಿಟ್ಟು, ಹೊಸ ಹೆಸರಿನಲ್ಲಿ ಇನ್ನೊಂದನ್ನು ಬರೆಯುವುದು ಕಣ್ಣೆದುರೇ ಕಂಡಿತು. ದೋಷ ಆ ಮನೆಯ ಪ್ರಿಂಟರಿನ ಡ್ರೈವರಿನದು. ಕ್ಲೀನರ್‌ಗಳ ಕಣ್ಣಿಗೆ ಈ ನಮೂದುಗಳು ‘ಮಾನ್ಯ’ವೇ, ಹಾಗಾಗಿ ಮೂರಕ್ಕೆ ಮೂರೂ ಅವನ್ನು ಬಿಟ್ಟಿದ್ದವು.

ಡ್ರೈವರ್ ತೆಗೆದು ಹೊಸದು ಹಾಕಿ, ಆ ಕೀಯೊಳಗಿದ್ದುದನ್ನು ಅಳಿಸಿದೆ. ಫೈಲು ಆಮೇಲೂ 180 ಎಂಬಿಯೇ ಇತ್ತು. ಹೈವ್ 4 ಕೆಬಿಯ ಅಳತೆಯಲ್ಲಿ ಬೆಳೆಯುತ್ತದೆ. ಅಳಿಸಿದ ಜಾಗಕ್ಕೆ ‘ಖಾಲಿ’ ಎಂಬ ಗುರುತು ಬೀಳುತ್ತದೆ, ಫೈಲು ಸಾಮಾನ್ಯವಾಗಿ ಕುಗ್ಗುವುದಿಲ್ಲ. ಅದನ್ನು ಕುಗ್ಗಿಸಲು ಬೂಟ್ ಡಿಸ್ಕಿನಿಂದ ಯಂತ್ರ ಎಬ್ಬಿಸಿ, ರಿಜಿಸ್ಟ್ರಿ ತಿದ್ದುವ ರೆಜ್‌ಎಡಿಟ್‌ನಲ್ಲಿ ಆ ಹೈವನ್ನು ಲೋಡ್ ಮಾಡಿ, ಹೈವ್ ರೂಪದಲ್ಲೇ ಹೊಸ ಫೈಲಿಗೆ ರಫ್ತು ಮಾಡಿ, ಹಳೆಯದರ ಹೆಸರು ಬದಲಿಸಿಟ್ಟು, ಹೊಸದನ್ನು ಆ ಜಾಗದಲ್ಲಿ ಕೂರಿಸಬೇಕು. ಕೂರಿಸಿದೆ. ಹೊಸ ಫೈಲು ಒಂದು ಎಂಬಿಗಿಂತ ಕಡಿಮೆ ಬಂತು. ಮೇಷ್ಟರ ಯಂತ್ರ ಲಾಗಿನ್ ಆದ ಕೂಡಲೇ ಡೆಸ್ಕ್‌ಟಾಪ್ ತೋರಿಸಿತು.

ಇಂಥ ಉಬ್ಬುವಿಕೆ ಅಪರೂಪವಾದರೂ ಕಟ್ಟುಕತೆಯಲ್ಲ. ಹಲವರು ಲಾಗಿನ್ ಆಗುವ ವಿಂಡೋಸ್ ಸರ್ವರ್‌ಗಳಲ್ಲಿ ಪ್ರತಿ ಲಾಗಿನ್ನಿಗೂ ಫೈರ್‌ವಾಲ್ ನಿಯಮಗಳು ಸೇರುತ್ತಾ ಹೋಗಿ ರಿಜಿಸ್ಟ್ರಿ ಊದಿದ್ದು ದಾಖಲಾಗಿದೆ. ಎರಡರಲ್ಲೂ ಕಾಯಿಲೆಯ ಸ್ವರೂಪ ಒಂದೇ: ಯಾರೋ ಒಬ್ಬರು ಒಂದೇ ಜಾಗದಲ್ಲಿ ನಿಲ್ಲಿಸದೆ ಬರೆಯುತ್ತಿರುತ್ತಾರೆ. ಆ ಕೈಯನ್ನು ಹಿಡಿಯುವ ತನಕ ಎಷ್ಟು ಗುಡಿಸಿದರೂ ಅಷ್ಟೇ.

ಹೈವ್ ಒಳಗಿನ ರಚನೆಯ ತಿಳಿವಳಿಕೆ ಬೆಳೆದದ್ದು ರಿಪೇರಿಯವರಿಂದಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಮೈಕ್ರೋಸಾಫ್ಟ್ ಅದನ್ನು ಪೂರ್ತಿಯಾಗಿ ಪ್ರಕಟಿಸಲಿಲ್ಲ. ಅಳಿಸಿದ ನಮೂದು ಖಾಲಿ ಜಾಗದಲ್ಲಿ ಉಳಿದಿರುತ್ತದೆ ಎಂಬುದು ಅಪರಾಧ ತನಿಖೆಗೆ ಬೇಕಾದ ವಿಷಯವಾದ್ದರಿಂದ 2008ರ ಸುಮಾರಿಗೆ ಫೊರೆನ್ಸಿಕ್ಸ್‌ನವರು ಆ ರಚನೆಯನ್ನು ಬಿಡಿಸಿ ನೋಡಿದರು. ಇತ್ತೀಚೆಗೆ ಗೂಗಲ್ ಪ್ರಾಜೆಕ್ಟ್ ಜೀರೋದ ಮಾತೆಯುಷ್ ಯುರ್ಚಿಕ್ ರಿಜಿಸ್ಟ್ರಿಯ ಕರ್ನಲ್ ಕೋಡನ್ನು ಶೋಧಿಸಿ, 40ಕ್ಕೂ ಹೆಚ್ಚು ಭದ್ರತಾ ದೋಷಗಳನ್ನು ಹೊರಗೆಳೆದು, 2024ರಿಂದ ಸರಣಿಯಾಗಿ ಬರೆದರು. ಈ ವಿಷಯದಲ್ಲಿ ಇಷ್ಟು ತಾಳ್ಮೆಯ ಬರವಣಿಗೆಯನ್ನು ನಾನು ಓದಿಲ್ಲ.

ಮನೆಯ ಬಳಕೆದಾರರಿಗೆ ಮಾತ್ರ ಇದರಲ್ಲಿ ಏನೂ ಇಳಿದು ಬರಲಿಲ್ಲ. ಆರ್‌ಯುವಾಗಲಿ ಪ್ರೊಸೆಸ್ ಮಾನಿಟರಾಗಲಿ ವಿಂಡೋಸ್ ಜೊತೆ ಬರುವುದಿಲ್ಲ, ಗೊತ್ತಿದ್ದವರು ಹುಡುಕಿ ಇಳಿಸಿಕೊಳ್ಳಬೇಕು. ಕ್ಲೀನರ್ ಬೇಡವೆಂದ ಸಂಸ್ಥೆ ಅಳತೆಗೋಲನ್ನು ಕೈಗೆ ಕೊಡಲಿಲ್ಲ. ‘ರೆಗ್‌ಬ್ಯಾಕ್’ ಫೋಲ್ಡರಿಗೆ ಹೈವ್‌ಗಳ ಪ್ರತಿ ತಾನಾಗಿ ಬೀಳುತ್ತಿದ್ದುದು ವಿಂಡೋಸ್ 10ರ 1803 ಆವೃತ್ತಿಯಿಂದ ನಿಂತಿತು, ಡಿಸ್ಕಿನ ಜಾಗ ಉಳಿಸಲೆಂದು. ಬೇಕೆಂದವರು ರಿಜಿಸ್ಟ್ರಿಯಲ್ಲೇ ಒಂದು ವ್ಯಾಲ್ಯೂ ಬರೆದು ಅದನ್ನು ಮತ್ತೆ ಚಾಲೂ ಮಾಡಿಕೊಳ್ಳಬಹುದು, ಆದರೆ ಇದು ಎಷ್ಟು ಮನೆಗಳಿಗೆ ಗೊತ್ತು? ಯಂತ್ರ ಬೂಟ್ ಆಗದ ದಿನ ಆ ಫೋಲ್ಡರ್ ತೆರೆದರೆ ಫೈಲುಗಳ ಹೆಸರು ಕಾಣುತ್ತವೆ, ಗಾತ್ರದ ಎದುರು ಸೊನ್ನೆ ಇರುತ್ತದೆ.

ಯಾವ ಹೈವ್ ಸಾಮಾನ್ಯವಾಗಿ ಎಷ್ಟು ದೊಡ್ಡದಿರುತ್ತದೆ ಎಂದು ಹೇಳುವ ಒಂದು ಪುಟವನ್ನೂ ನಾನು ಕನ್ನಡದಲ್ಲಿ ಕಂಡಿಲ್ಲ. ಅದಿದ್ದಿದ್ದರೆ ಮೇಷ್ಟರೇ ಆ 180ರ ಮೇಲೆ ಬೆರಳಿಡುತ್ತಿದ್ದರು. 2004ರಿಂದ ನಾನು ಮುಟ್ಟಿದ ಪ್ರತಿ ಯಂತ್ರದ ಹೈವ್ ಗಾತ್ರಗಳು ನನ್ನ ನೋಟುಬುಕ್ಕುಗಳಲ್ಲಿವೆ: ತಾರೀಖು, ವಿಂಡೋಸ್ ಆವೃತ್ತಿ, ರಿಪೇರಿಗೆ ಮೊದಲು ಎಷ್ಟು, ಆಮೇಲೆ ಎಷ್ಟು. ಅವನ್ನು ಈಗ ಒಂದು ಪಟ್ಟಿಯಾಗಿ ಇಳಿಸುತ್ತಿದ್ದೇನೆ. ವಿಂಡೋಸ್ 7ರವರೆಗೆ ಮುಗಿದಿದೆ.